ಹೆಮ್ಮೆಯನ್ನು ಬರೆದ ಬಾವುಟ: ನಗರಧ್ವಜಗಳ ಮರುರಚನೆಯ ಇತಿಹಾಸದಿಂದ ಕೆಲವು ಪುಟಗಳು

ಧ್ವಜವನ್ನು ಹೆಸರಿಸುವ ಪದಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಧ್ವಜ, ಪತಾಕೆ, ಕೇತನ, ವೈಜಯಂತಿ ಎಂಬ ಸಂಸ್ಕೃತ ಪದಗಳ ಜೊತೆಯಲ್ಲಿಯೇ ಟೆಕ್ಕೆಯ, ಪಳಯಿಗೆ, ಗುಡಿ, ಬಾವುಟ ಎಂಬ ಪದಗಳೂ ಬೇರೆ ಬೇರೆ ಕಾಲಗಳಲ್ಲಿ ಬಳಕೆಗೊಂಡಿವೆ. ಇವುಗಳಲ್ಲಿ ‘ಗುಡಿ’ ಎಂಬುದು ವಿಶೇಷ ಗಮನಕ್ಕೆ ಅರ್ಹವಾದುದು. ಹಳಗನ್ನಡದಲ್ಲಿ ‘ಗುಡಿಗಟ್ಟು’ ಎಂದರೆ ಬಾವುಟವನ್ನು ಏರಿಸು ಎಂದೂ ಅರ್ಥ, ಹಿಗ್ಗು, ಸಂಭ್ರಮಿಸು ಎಂದೂ ಅರ್ಥ. ಮೇಲೆ ಹಾರುವ ಬಟ್ಟೆಯನ್ನೂ ಒಳಗೆ ಉಬ್ಬುವ ಮನಸ್ಸನ್ನೂ ನಮ್ಮ ಭಾಷೆ ಒಂದೇ ಮಾತಿನಲ್ಲಿ ಕಟ್ಟಿಟ್ಟಿದೆ. ಆದರೆ ಇವೆರಡರಲ್ಲಿ ಮೊದಲು ಯಾವುದು? ಹಿಗ್ಗು ಇದ್ದಲ್ಲಿ ಬಾವುಟ ಏರುವುದೋ, ಬಾವುಟ ಏರಿದಲ್ಲಿ ಹಿಗ್ಗು ಹುಟ್ಟುವುದೋ?

ಈ ಪ್ರಶ್ನೆಗೆ ಉತ್ತರವನ್ನು ಅರಸಲು ಅಮೆರಿಕ ಸಂಯುಕ್ತ ಸಂಸ್ಥಾನದ ನಗರಗಳು ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತವೆ. ಕಳೆದ ಒಂದು ದಶಕದಲ್ಲಿ ಅಲ್ಲಿನ ಅನೇಕ ನಗರಗಳು ತಮ್ಮ ಹಳೆಯ ಧ್ವಜಗಳನ್ನು ಇಳಿಸಿ ಹೊಸವನ್ನು ಏರಿಸಿವೆ. ಏರಿಸಲು ಹೊರಟು ನಡುವೆಯೇ ನಿಂತವೂ ಇವೆ. ಎಲ್ಲೆಡೆಯೂ ಕೇಳಿಬಂದ ಕಾರಣ ಒಂದೇ: ಧ್ವಜವು ಊರಿನ ಹೆಮ್ಮೆಯನ್ನು ತೋರಬೇಕು. ಹೆಮ್ಮೆಯನ್ನು ಬಟ್ಟೆಯ ಮೇಲೆ ತೋರುವುದು ಹೇಗೆ, ಅದು ಯಾರ ಹೆಮ್ಮೆ ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಈ ಬೆಳವಣಿಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುದ್ರೆಯಿಂದ ಬಾವುಟಕ್ಕೆ

ಯುರೋಪಿನ ನಗರಧ್ವಜಗಳಿಗೆ ಮಧ್ಯಯುಗದ ಹಿನ್ನೆಲೆಯಿದೆ. ವೆನಿಸ್ ನಗರವು ಸಂತ ಮಾರ್ಕನ ರೆಕ್ಕೆಯುಳ್ಳ ಸಿಂಹವನ್ನು, ಜಿನೋವಾ ನಗರವು ಬಿಳಿಯ ಹಾಸಿನ ಮೇಲಿನ ಕೆಂಪು ಶಿಲುಬೆಯನ್ನು ಹಡಗುಗಳ ಮೇಲೆ ಹಾರಿಸಿದ್ದಕ್ಕೆ ಕಾರಣ ಸ್ಪಷ್ಟ. ಅವು ನಗರಗಳಷ್ಟೇ ಆಗಿರಲಿಲ್ಲ, ರಾಜ್ಯಗಳೂ ಆಗಿದ್ದವು. ಕಡಲಿನಲ್ಲಿ ತಮ್ಮವರನ್ನೂ ಪರರನ್ನೂ ದೂರದಿಂದಲೇ ಗುರುತಿಸುವುದು ಅವುಗಳಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು.

ಅಮೆರಿಕದ ನಗರಗಳಿಗೆ ಅಂತಹ ಅಗತ್ಯವಿರಲಿಲ್ಲ. ಅವು ಸ್ವತಂತ್ರ ರಾಜ್ಯಗಳಲ್ಲ. ಅವುಗಳ ಹಡಗುಗಳು ಹಾರಿಸುತ್ತಿದ್ದುದು ರಾಷ್ಟ್ರಧ್ವಜವನ್ನು. ಆಡಳಿತ ವ್ಯವಹಾರಕ್ಕಾಗಿ ಅವುಗಳ ಬಳಿ ಇದ್ದುದು ಮುದ್ರೆ, ಅಂದರೆ ಕಾಗದಪತ್ರಗಳ ಮೇಲೆ ಒತ್ತುವ ಮೊಹರು. ಧ್ವಜವೊಂದು ಬೇಕೆನಿಸಿದಾಗ ಅನೇಕ ನಗರಸಭೆಗಳು ಅದೇ ಮುದ್ರೆಯನ್ನು ಬಟ್ಟೆಗೆ ವರ್ಗಾಯಿಸಿ ತೃಪ್ತಿಪಟ್ಟವು.

ನ್ಯೂಯಾರ್ಕ್ ನಗರದ ಧ್ವಜವು ಇದಕ್ಕೆ ಉದಾಹರಣೆ. 1915ರಲ್ಲಿ ಅಂಗೀಕೃತವಾದ ಈ ಧ್ವಜದಲ್ಲಿ ನೀಲಿ, ಬಿಳಿ, ಕಿತ್ತಳೆ ಬಣ್ಣದ ಮೂರು ಲಂಬ ಪಟ್ಟಿಗಳಿವೆ. ಅವು ನಗರವನ್ನು ಮೊದಲು ಕಟ್ಟಿದ ಡಚ್ಚರ ಬಾವುಟದಿಂದ ಬಂದವು. ನಡುವಿನ ಬಿಳಿಯ ಪಟ್ಟಿಯ ಮೇಲೆ ನಗರಮುದ್ರೆಯಿದೆ. ಆ ಮುದ್ರೆಯಲ್ಲಿ ಮೊದಲಿಗೆ 1664 ಎಂಬ ವರ್ಷವಿತ್ತು. ಇಂಗ್ಲಿಷರು ಊರನ್ನು ವಶಪಡಿಸಿಕೊಂಡು ನ್ಯೂಯಾರ್ಕ್ ಎಂದು ಹೆಸರಿಟ್ಟ ವರ್ಷವದು. 1970ರ ದಶಕದಲ್ಲಿ ಅದನ್ನು ತೆಗೆದು 1625 ಎಂದು ಬರೆಯಲಾಯಿತು. ಡಚ್ಚರ ನ್ಯೂ ಆಮ್‌ಸ್ಟರ್‌ಡಾಮಿನ ಆರಂಭವನ್ನು ಸೂಚಿಸುವ ವರ್ಷವಿದು. ಊರು ಹುಟ್ಟಿದ್ದು ಯಾವಾಗ ಎಂಬ ವಾದವು ನಾಲ್ಕು ಅಂಕಿಗಳಲ್ಲಿ ನಡೆದು ಮುಗಿಯಿತು. ಬಣ್ಣವಾಗಲಿ ಆಕಾರವಾಗಲಿ ಬದಲಾಗಲಿಲ್ಲ. ಆದರೂ ಇದು ಧ್ವಜದ ಮರುರಚನೆಯೇ. ಇತಿಹಾಸಕಾರರಿಗೆ ಇದು ಮಹತ್ತ್ವದ ಪಾಠ: ಧ್ವಜವನ್ನು ತಿದ್ದುವವರು ಚಿತ್ರವನ್ನಷ್ಟೇ ತಿದ್ದುವುದಿಲ್ಲ, ಊರಿನ ಆದಿಯನ್ನೂ ತಿದ್ದುತ್ತಾರೆ. ಸೂಕ್ಷ್ಮವಾದ ಇನ್ನೊಂದು ಅಂಶವೂ ಇಲ್ಲಿದೆ. ಈ ತಿದ್ದುಪಡಿ ಕಡತದ ಮೇಲೆ ಕಂಡೀತೇ ಹೊರತು ಕಂಬದ ಮೇಲೆ ಕಾಣುವಂತಹದಲ್ಲ. ಸುಮಾರು ಐದು ಅಡಿ ಉದ್ದದ ಬಾವುಟವು ನೂರು ಅಡಿ ದೂರದಿಂದ, ಚಾಚಿದ ಕೈಯಲ್ಲಿ ಹಿಡಿದ ಒಂದು ಅಂಗುಲಕ್ಕಿಂತ ತುಸು ಉದ್ದವಾದ ಕಾಗದದ ಚೂರಿನಷ್ಟೇ ಕಾಣುತ್ತದೆ. ಅದೂ ಗಾಳಿಗೆ ಮಡಿಕೆ ಬೀಳುತ್ತ, ಬಿಚ್ಚುತ್ತ. ಅಷ್ಟರಲ್ಲಿ ಅಂಕಿಗಳನ್ನು ಓದುವವರು ಯಾರು?

ಇಂತಹ ವಿಚಾರಗಳನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡುವ ಶಿಸ್ತಿಗೆ ‘ವೆಕ್ಸಿಲಾಲಜಿ’ ಎಂಬ ಹೆಸರನ್ನು ಕೊಟ್ಟವರು ವಿಟ್ನಿ ಸ್ಮಿತ್ ಎಂಬ ವಿದ್ವಾಂಸರು, 1950ರ ದಶಕದ ಕೊನೆಯಲ್ಲಿ. ರೋಮನ್ ಸೈನ್ಯದ ಬಾವುಟಕ್ಕಿದ್ದ ‘ವೆಕ್ಸಿಲಮ್’ ಎಂಬ ಲ್ಯಾಟಿನ್ ಪದದಿಂದ ಇದು ಹುಟ್ಟಿದೆ. ನಾವು ಇದನ್ನು ಧ್ವಜಶಾಸ್ತ್ರ ಎನ್ನಬಹುದು. 1967ರಲ್ಲಿ ಉತ್ತರ ಅಮೆರಿಕದ ಧ್ವಜಶಾಸ್ತ್ರ ಸಂಘವು ಸ್ಥಾಪನೆಗೊಂಡಿತು. ಈ ಸಂಘದ ಪರವಾಗಿ ಟೆಡ್ ಕೇ ಅವರು ಸಂಕಲಿಸಿದ ಕಿರುಪುಸ್ತಕವು ಐದು ಸೂತ್ರಗಳನ್ನು ಮುಂದಿಡುತ್ತದೆ: ಧ್ವಜವು ಸರಳವಾಗಿರಬೇಕು, ಅದರ ಚಿಹ್ನೆಗಳಿಗೆ ಅರ್ಥವಿರಬೇಕು, ಎರಡು ಮೂರು ಮೂಲ ಬಣ್ಣಗಳಷ್ಟೇ ಇರಬೇಕು, ಅಕ್ಷರಗಳಾಗಲಿ ಮುದ್ರೆಗಳಾಗಲಿ ಇರಕೂಡದು, ಅದು ಇತರ ಧ್ವಜಗಳಿಂದ ಭಿನ್ನವಾಗಿರಬೇಕು, ಇಲ್ಲವೇ ಸಂಬಂಧವನ್ನು ತೋರುವಂತಿರಬೇಕು.

‘ಪೊಕಟೆಲ್ಲೊ ಎನ್ನಲು ಹೆಮ್ಮೆ’

2004ರಲ್ಲಿ ಈ ಸಂಘವು ಅಮೆರಿಕದ 150 ನಗರಗಳ ಧ್ವಜಗಳಿಗೆ ಅಂಕಗಳನ್ನು ಕೊಡುವ ಸಮೀಕ್ಷೆಯೊಂದನ್ನು ನಡೆಸಿತು. ಹತ್ತಕ್ಕೆ ಒಂಬತ್ತನ್ನು ಮೀರಿ ಅಂಕ ಪಡೆದು ವಾಷಿಂಗ್ಟನ್ ಮೊದಲನೆಯ ಸ್ಥಾನದಲ್ಲಿಯೂ ಶಿಕಾಗೋ ಎರಡನೆಯ ಸ್ಥಾನದಲ್ಲಿಯೂ ನಿಂತವು. ಎರಡು ಅಂಕಗಳನ್ನೂ ಮುಟ್ಟದೆ 150ನೆಯ ಸ್ಥಾನಕ್ಕೆ ಇಳಿದದ್ದು ಐಡಹೊ ರಾಜ್ಯದ ಪೊಕಟೆಲ್ಲೊ ಎಂಬ ಸಣ್ಣ ನಗರ.

ಪೊಕಟೆಲ್ಲೊ ರೈಲುಮಾರ್ಗಗಳು ಕೂಡುವ ಜಾಗದಲ್ಲಿ ಬೆಳೆದ ಊರು. ಶೋಶೋನಿ ಜನಾಂಗದ ನಾಯಕನೊಬ್ಬನ ಹೆಸರು ಊರಿಗೆ ಉಳಿದಿದೆ. ಶೋಶೋನಿ ಮತ್ತು ಬ್ಯಾನಕ್ ಜನರ ಫೋರ್ಟ್ ಹಾಲ್ ಮೀಸಲು ಪ್ರದೇಶವು ಅದರ ನೆರೆಯಲ್ಲಿಯೇ ಇದೆ. ಸುತ್ತ ಬೆಟ್ಟಗಳು, ನಡುವೆ ಪೋರ್ಟ್‌ನಫ್ ನದಿ. ಇಷ್ಟೆಲ್ಲ ಇದ್ದ ಊರಿನ ಬಾವುಟದಲ್ಲಿ ಇದ್ದುದಾದರೂ ಏನು? ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಬರೆದ ಬಣ್ಣದ ಅಕ್ಷರಗಳು. ಅವುಗಳ ತಾತ್ಪರ್ಯ: ಪೊಕಟೆಲ್ಲೊ ಎನ್ನಲು ಹೆಮ್ಮೆ. ಹಿಂದೆ ಸಣ್ಣದಾಗಿ ಬೆಟ್ಟಗಳ ರೇಖೆ. ಸಾಲದುದಕ್ಕೆ ಹಕ್ಕುಸ್ವಾಮ್ಯದ ಸೂಚನೆಯೂ ಅದರಲ್ಲಿ ಅಚ್ಚಾಗಿತ್ತು. ವ್ಯಾಪಾರ ಪ್ರಚಾರಕ್ಕೆ ಸಿದ್ಧಪಡಿಸಿದ ಚಿತ್ರವೊಂದು ಧ್ವಜಸ್ತಂಭವನ್ನು ಏರಿತ್ತು.

ಈ ಬಾವುಟವನ್ನು ಕೇವಲ ಅಂದವಿಲ್ಲದ್ದೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ದೋಷ ಇನ್ನೂ ಆಳದ್ದು. ಅದು ಹೆಮ್ಮೆಯನ್ನು ಘೋಷಿಸುತ್ತದೆ. ಹೆಮ್ಮೆ ಯಾತಕ್ಕೆ ಎಂಬುದನ್ನು ಹೇಳುವುದಿಲ್ಲ. ಊರಿನ ಹೆಸರನ್ನು ಅಳಿಸಿ ಇನ್ನಾವ ಊರಿನ ಹೆಸರನ್ನು ಬರೆದರೂ ಆ ವಾಕ್ಯವು ಹಾಗೆಯೇ ನಿಲ್ಲುತ್ತದೆ. ಕಾವ್ಯಮೀಮಾಂಸೆಯನ್ನು ಓದಿದವರಿಗೆ ಇದು ಪರಿಚಿತವಾದ ದೋಷ. ರಸವನ್ನು ಅದರ ಹೆಸರಿನಿಂದಲೇ ಕರೆದ ಮಾತ್ರಕ್ಕೆ ರಸೋತ್ಪತ್ತಿಯಾಗದು. ಶೃಂಗಾರವೆಂಬ ಪದದಿಂದ ಶೃಂಗಾರವಾಗಲಿ, ವೀರವೆಂಬ ಪದದಿಂದ ವೀರವಾಗಲಿ ಹುಟ್ಟುವುದಿಲ್ಲವೆಂದು ಆಲಂಕಾರಿಕರು ಎಚ್ಚರಿಸಿದ್ದಾರೆ. ಸ್ವಶಬ್ದವಾಚ್ಯತೆಯನ್ನು ಅವರು ದೋಷಗಳಲ್ಲಿ ಎಣಿಸುತ್ತಾರೆ. ಪೊಕಟೆಲ್ಲೊದ ಹಳೆಯ ಬಾವುಟವು ಬಟ್ಟೆಯ ಮೇಲಿನ ಸ್ವಶಬ್ದವಾಚ್ಯತೆ.

2015ರಲ್ಲಿ ರೋಮನ್ ಮಾರ್ಸ್ ಎಂಬ ಬಾನುಲಿ ನಿರೂಪಕರು ನಗರಧ್ವಜಗಳ ಬಗೆಗೆ ಮಾಡಿದ ಭಾಷಣವೊಂದು ಅಂತರಜಾಲದ ಮೂಲಕ ಲಕ್ಷಾಂತರ ಜನರನ್ನು ತಲುಪಿತು. ಅದರಲ್ಲಿ ಪೊಕಟೆಲ್ಲೊದ ಬಾವುಟ ನಗೆಗೆ ಗುರಿಯಾಯಿತು. ಊರಿನವರು ಮುನಿಸಿಕೊಂಡು ಹಳೆಯದನ್ನೇ ಅಪ್ಪಿಕೊಳ್ಳಬಹುದಿತ್ತು, ಹಾಗಾಗಲಿಲ್ಲ. ನಗರಾಡಳಿತವು ಸಮಿತಿಯೊಂದನ್ನು ರಚಿಸಿ ಸಾರ್ವಜನಿಕರಿಂದ ವಿನ್ಯಾಸಗಳನ್ನು ಆಹ್ವಾನಿಸಿತು. 700ಕ್ಕೂ ಹೆಚ್ಚು ವಿನ್ಯಾಸಗಳು ಬಂದವು. 2017ರಲ್ಲಿ ಅಂಗೀಕೃತವಾದ ಹೊಸ ಧ್ವಜದಲ್ಲಿ ಅಕ್ಷರಗಳಿಲ್ಲ. ನೀಲಿಯ ಹಾಸಿನ ಮೇಲೆ ಮೂರು ಕೆಂಪು ಶಿಖರಗಳಿವೆ. ಎತ್ತರದ ಶಿಖರದ ಮೇಲೆ ಹೊಂಬಣ್ಣದ ದಿಕ್ಸೂಚಿಯ ನಕ್ಷತ್ರವಿದೆ. ಕೆಳಗಿನ ನೀಲಿ ರೇಖೆ ಪೋರ್ಟ್‌ನಫ್ ನದಿ. ದಾರಿಗಳು ಕೂಡುವ ಊರಿಗೆ ದಿಕ್ಸೂಚಿ ಸಲ್ಲುತ್ತದೆ. ಬೆಟ್ಟಗಳ ನಡುವಿನ ಊರಿಗೆ ಶಿಖರಗಳು ಸಲ್ಲುತ್ತವೆ. ಹೆಮ್ಮೆ ಎಂಬ ಪದವು ಹೋಯಿತು. ಹೆಮ್ಮೆಪಡಬಹುದಾದ ವಸ್ತುಗಳು ಬಂದವು.

ಶಾಸನಗಳು ಹೇಳುವ ಮಾತು

ಧ್ವಜದ ಮೇಲೆ ಅಕ್ಷರಗಳಿರಕೂಡದೆಂಬ ಸೂತ್ರವನ್ನು ಇಪ್ಪತ್ತನೆಯ ಶತಮಾನದ ವಿನ್ಯಾಸಕಾರರ ಅಭಿರುಚಿಯೆಂದಷ್ಟೇ ತಿಳಿಯಬೇಕಾಗಿಲ್ಲ. ಊರಿನ ಹೆಸರು ಮತ್ತು ಧ್ವಜ ಇವೆರಡೂ ಅಕ್ಕಪಕ್ಕದಲ್ಲಿಯೇ ಕಾಣಿಸಿಕೊಳ್ಳುವ ವಿಪುಲವಾದ ಆಕರವೊಂದು ಕನ್ನಡಿಗರ ಬಳಿ ಇದೆ. ಅವು ಶಾಸನಗಳಲ್ಲಿನ ಪ್ರಶಸ್ತಿಗಳು. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಪುರವರಾಧೀಶ್ವರರೆಂದು ಕರೆದುಕೊಂಡರು. ಲಟ್ಟಲೂರು ಇಂದಿನ ಲಾತೂರು. ಅವರ ರಾಜಧಾನಿ ಮಾನ್ಯಖೇಟವಾದರೂ ಮೂಲದ ಊರಿನ ಅಭಿಮಾನವು ಬಿರುದಿನಲ್ಲಿ ಉಳಿಯಿತು. ಅದೇ ಊರಿನ ಹೆಸರನ್ನು ಸವದತ್ತಿಯ ರಟ್ಟರೂ ಹೊತ್ತರು. ಅವರದು ಸುವರ್ಣಗರುಡಧ್ವಜ, ಸಿಂಧೂರಲಾಂಛನ. ಹಾನಗಲ್ಲಿನ ಕದಂಬರು ಬನವಾಸಿಪುರವರಾಧೀಶ್ವರರು. ಅವರದು ವಾನರಧ್ವಜ, ಸಿಂಹಲಾಂಛನ. ಊರಿನ ಹೆಸರು ಹೊಗಳುಭಟ್ಟನ ಬಾಯಲ್ಲಿ, ಕಲ್ಲಿನ ಮೇಲಿನ ಅಕ್ಷರದಲ್ಲಿ ಇತ್ತು. ಬಟ್ಟೆಯ ಮೇಲೆ ಇದ್ದುದು ಗರುಡ ಅಥವಾ ವಾನರ. ಕೇಳುವುದಕ್ಕೆ ಹೆಸರು, ಕಾಣುವುದಕ್ಕೆ ಚಿಹ್ನೆ ಎಂಬ ವಿಭಾಗವನ್ನು ಪ್ರಶಸ್ತಿಕಾರರು ಎಲ್ಲಿಯೂ ಕಲಸಿಲ್ಲ.

ರಾಷ್ಟ್ರಕೂಟರ ಬಿರುದುಗಳಲ್ಲಿ ಬರುವ ‘ಪಾಳಿಧ್ವಜ’ ಎಂಬ ಪದದ ಅರ್ಥವನ್ನು ಬಿಡಿಸಲು ಕೆ. ಬಿ. ಪಾಠಕರು ಆಧಾರವಾಗಿ ತೆಗೆದುಕೊಂಡುದು ಜಿನಸೇನಾಚಾರ್ಯರ ಆದಿಪುರಾಣವನ್ನು. ಸಮವಸರಣದ ವರ್ಣನೆಯಲ್ಲಿ ಅಲ್ಲಿ ಹತ್ತು ಬಗೆಯ ಧ್ವಜಗಳು ಬರುತ್ತವೆ: ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಗಜ ಮತ್ತು ಚಕ್ರ. ಒಂದೊಂದು ದಿಕ್ಕಿನಲ್ಲಿ ಒಂದೊಂದು ಬಗೆಗೆ 108ರಂತೆ 1080 ಧ್ವಜಗಳು. ನಾಲ್ಕು ದಿಕ್ಕುಗಳಲ್ಲಿ ಒಟ್ಟು 4320. ಹೀಗೆ ಸಾಲುಸಾಲಾಗಿ ನಿಂತ ಧ್ವಜಪಂಕ್ತಿಯೇ ಪಾಳಿಧ್ವಜ ಎಂಬುದು ಪಾಠಕರ ವಿವರಣೆ. ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನರ ಈ ಪಟ್ಟಿಯಲ್ಲಿ ಒಂದು ಅಕ್ಷರವೂ ಇಲ್ಲ, ಒಂದು ಹೆಸರೂ ಇಲ್ಲ. ಹತ್ತು ಆಕಾರಗಳು ಮಾತ್ರ, ಒಂದನ್ನು ನೋಡಿ ಇನ್ನೊಂದೆಂದು ಭ್ರಮಿಸಲಾಗದಂತಹವು.

ಮೇಲಿನವೆಲ್ಲ ಅರಸರ ಅಥವಾ ದೇವರ ಧ್ವಜಗಳು. ನಗರವಾಸಿಗಳದೇ ಎನ್ನಬಹುದಾದ ಧ್ವಜವು ನಮ್ಮಲ್ಲಿ ಇರಲಿಲ್ಲವೇ? ಅದಕ್ಕೆ ಅತ್ಯಂತ ಸಮೀಪವಾದುದು ಅಯ್ಯಾವೊಳೆ ಐನೂರ್ವರ ಗುಡ್ಡಧ್ವಜ. ಇಂದಿನ ಐಹೊಳೆಯ ಹೆಸರನ್ನು ಹೊತ್ತು ದಕ್ಷಿಣ ಭಾರತದ ಉದ್ದಗಲಕ್ಕೂ ಕಡಲಾಚೆಗೂ ವ್ಯಾಪಾರ ನಡೆಸಿದ ಈ ವರ್ತಕಸಂಘದ ಪ್ರಶಸ್ತಿಗಳು ಅವರನ್ನು ಗುಡ್ಡದ ಚಿಹ್ನೆಯ ಧ್ವಜವುಳ್ಳವರೆಂದು ಹೊಗಳುತ್ತವೆ. ಅರಸನು ಕೊಟ್ಟದ್ದಲ್ಲದ, ಒಂದು ವೃತ್ತಿಯವರು ಊರಿನ ಹೆಸರಿನೊಡನೆ ತಾವೇ ಹೊತ್ತ ಧ್ವಜವಿದು. ಗುಡ್ಡವನ್ನು ಬಾವುಟದ ಮೇಲೆ ಏರಿಸುವ ಆಲೋಚನೆ ಪೊಕಟೆಲ್ಲೊಕ್ಕಿಂತ ಬಹಳ ಶತಮಾನಗಳ ಹಿಂದೆ ನಮ್ಮ ವರ್ತಕರಿಗೆ ಹೊಳೆದಿತ್ತು. ಇವೆರಡರ ನಡುವೆ ಯಾವ ಚಾರಿತ್ರಿಕ ಸಂಬಂಧವೂ ಇಲ್ಲ. ದೂರ ಪ್ರಯಾಣ ಮಾಡುವವನ ಕಣ್ಣಿಗೆ ಮೊದಲು ಬೀಳುವುದೂ ಕೊನೆಗೆ ಮರೆಯಾಗುವುದೂ ಬೆಟ್ಟವೇ ಎಂಬುದಷ್ಟೇ ಇವೆರಡಕ್ಕೂ ಸಮಾನ.

ಶಿಕಾಗೋ: ಬೆಂಕಿಯ ನಕ್ಷತ್ರದ ಒಂದು ಮೊನೆ

ಅಕ್ಷರಗಳನ್ನು ತೆಗೆದ ಮಾತ್ರಕ್ಕೆ ಧ್ವಜವು ಜನರದಾಗುವುದೇ? ಈ ಪ್ರಶ್ನೆಗೆ ಶಿಕಾಗೋ ಉತ್ತರ ಕೊಡುತ್ತದೆ. ಅಲ್ಲಿನ ಮೇಯರ್ ವಿಲಿಯಂ ಹೇಲ್ ಥಾಮ್ಸನ್ 1915ರಲ್ಲಿ ಧ್ವಜ ಆಯೋಗವೊಂದನ್ನು ನೇಮಿಸಿದರು. ಧ್ವಜಗಳ ಇತಿಹಾಸವನ್ನು ಬಲ್ಲವರಾಗಿದ್ದ ವಾಲೇಸ್ ರೈಸ್ ಅವರ ವಿನ್ಯಾಸವು 1917ರಲ್ಲಿ ಅಂಗೀಕಾರ ಪಡೆಯಿತು. ಮೂರು ಬಿಳಿಯ ಪಟ್ಟಿಗಳು ನಗರದ ಉತ್ತರ, ಪಶ್ಚಿಮ, ದಕ್ಷಿಣ ಭಾಗಗಳು. ಅವುಗಳ ನಡುವಿನ ಎರಡು ತಿಳಿನೀಲಿ ಪಟ್ಟಿಗಳು ಸರೋವರವನ್ನೂ ನದಿಯ ಕವಲುಗಳನ್ನೂ ಸೂಚಿಸುವಂತಹವು. ನಡುವಿನ ಬಿಳಿಯ ಪಟ್ಟಿಯ ಮೇಲೆ ಆಗ ಇದ್ದುದು ಎರಡೇ ಕೆಂಪು ನಕ್ಷತ್ರಗಳು: ಒಂದು 1871ರ ಮಹಾ ಅಗ್ನಿದುರಂತಕ್ಕೆ, ಇನ್ನೊಂದು 1893ರ ಕೊಲಂಬಿಯನ್ ವಿಶ್ವಪ್ರದರ್ಶನಕ್ಕೆ. ನಕ್ಷತ್ರಗಳಿಗೆ ಐದರ ಬದಲು ಆರು ಮೊನೆಗಳನ್ನು ಇಟ್ಟುದಕ್ಕೂ ಕಾರಣವಿತ್ತು. ಐದು ಮೊನೆಯ ನಕ್ಷತ್ರವು ಸಾರ್ವಭೌಮ ರಾಜ್ಯಗಳ ಚಿಹ್ನೆ. ನಗರವು ಆ ಪಟ್ಟವನ್ನು ತನಗೆ ಆರೋಪಿಸಿಕೊಳ್ಳಬಾರದು ಎಂಬುದು ರೈಸ್ ಅವರ ವಿವೇಕ.

ಅಗ್ನಿದುರಂತವನ್ನು ಧ್ವಜದ ಮೇಲೆ ಇಟ್ಟುದು ಯೋಚಿಸತಕ್ಕ ಸಂಗತಿ. 1871ರ ಅಕ್ಟೋಬರಿನ ಆ ಬೆಂಕಿಯಲ್ಲಿ ಸುಮಾರು 300 ಜನರು ಸತ್ತರು. ಸುಮಾರು ಒಂದು ಲಕ್ಷ ಜನರು ಮನೆ ಕಳೆದುಕೊಂಡರು. ಊರಿನ ಹೆಮ್ಮೆಯ ಚಿಹ್ನೆಯಾಗಿ ಇಂತಹ ನಷ್ಟವನ್ನು ಆಯ್ದುಕೊಳ್ಳಲು ಸಾಮಾನ್ಯವಾಗಿ ಯಾವ ಪ್ರಚಾರ ಸಮಿತಿಯೂ ಒಪ್ಪದು. ಇನ್ನೂ ಸ್ವಾರಸ್ಯವೆಂದರೆ ಆ ನಕ್ಷತ್ರದ ಆರು ಮೊನೆಗಳಿಗೆ ಕೊಟ್ಟ ಅರ್ಥಗಳು: ಧರ್ಮ, ಶಿಕ್ಷಣ, ಸೌಂದರ್ಯಪ್ರಜ್ಞೆ, ನ್ಯಾಯ, ಪರೋಪಕಾರ ಮತ್ತು ಪೌರಾಭಿಮಾನ. ಪೊಕಟೆಲ್ಲೊದ ಹಳೆಯ ಬಾವುಟದಲ್ಲಿ ಇಡೀ ಬಟ್ಟೆಯನ್ನು ಆವರಿಸಿದ್ದ ಹೆಮ್ಮೆಯು ಇಲ್ಲಿ ಒಂದು ನಕ್ಷತ್ರದ ಒಂದು ಮೊನೆಯಷ್ಟೇ ಆಗಿದೆ. ಅದೂ ಸುಟ್ಟುಹೋದುದನ್ನು ನೆನೆಯುವ ನಕ್ಷತ್ರದಲ್ಲಿ, ಇತರ ಐದು ಗುಣಗಳ ಸಾಲಿನ ಕೊನೆಯಲ್ಲಿ. ಸುಟ್ಟ ಊರನ್ನು ಮತ್ತೆ ಕಟ್ಟಿದವರಿಗೆ ಹೆಮ್ಮೆಪಡುವ ಹಕ್ಕಿದೆ, ಆದರೆ ಬೂದಿಯನ್ನು ಮರೆಯುವ ಹಕ್ಕಿಲ್ಲ ಎಂಬ ಭಾವವನ್ನು ಈ ಚಿಹ್ನೆಯಲ್ಲಿ ಓದಬಹುದು.

ಎರಡನೆಯ ಘಟನೆಯ ನಕ್ಷತ್ರವು ನಮ್ಮವರಿಗೂ ಸಂಬಂಧಿಸಿದ್ದು. 1893ರ ವಿಶ್ವಪ್ರದರ್ಶನದ ಅಂಗವಾಗಿಯೇ ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ವಧರ್ಮ ಸಮ್ಮೇಳನವು ನಡೆಯಿತು. ಅಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದುದನ್ನು ಎಲ್ಲರೂ ಬಲ್ಲರು. ಅದೇ ವೇದಿಕೆಯಲ್ಲಿ ಆಚಾರ್ಯ ಆತ್ಮಾರಾಮಜೀ ಅವರ ಪರವಾಗಿ ಜೈನಧರ್ಮವನ್ನು ಪ್ರತಿನಿಧಿಸಿದವರು ವೀರಚಂದ್ ರಾಘವಜೀ ಗಾಂಧಿ. ಅವರಿಗೆ ಆಗ 29 ವರ್ಷ. ಆ ನಕ್ಷತ್ರದ ಮೊನೆಗಳಿಗೆ ಧ್ವಜದ ರಚನೆಕಾರರು ಕೊಟ್ಟ ಅರ್ಥಗಳು ಸಾರಿಗೆ, ಶ್ರಮ, ವಾಣಿಜ್ಯ, ಹಣಕಾಸು, ಜನಸಮೃದ್ಧಿ ಮತ್ತು ಆರೋಗ್ಯ. ಧರ್ಮಸಮ್ಮೇಳನವು ಅವುಗಳಲ್ಲಿ ಸೇರಿಲ್ಲ. ಆದರೂ 1893 ಎಂದಾಗ ಭಾರತೀಯರಿಗೆ ನೆನಪಾಗುವುದು ಸಮ್ಮೇಳನವೇ. ಧ್ವಜದ ಚಿಹ್ನೆಯು ಅದನ್ನು ರಚಿಸಿದವನ ವ್ಯಾಖ್ಯಾನಕ್ಕೆ ಕಟ್ಟುಬೀಳುವುದಿಲ್ಲ. ಅದು ನೋಡುವವರ ನೆನಪಿಗೂ ಎಡೆಗೊಡುತ್ತದೆ. ಅಕ್ಷರಗಳು ಈ ಅವಕಾಶವನ್ನು ಕೊಡಲಾರವು.

ಶಿಕಾಗೋದ ಧ್ವಜವು ಆಮೇಲೂ ಬೆಳೆಯಿತು. 1933ರಲ್ಲಿ ‘ಶತಮಾನದ ಪ್ರಗತಿ’ ಪ್ರದರ್ಶನದ ನೆನಪಿಗೆ ಮೂರನೆಯ ನಕ್ಷತ್ರ ಬಂದಿತು. 1939ರಲ್ಲಿ ಫೋರ್ಟ್ ಡಿಯರ್‌ಬಾರ್ನ್ ಕೋಟೆಯ ಹೆಸರಿನಲ್ಲಿ ನಾಲ್ಕನೆಯದು ಸೇರಿತು. ಕೊನೆಗೆ ಬಂದ ಈ ನಕ್ಷತ್ರಕ್ಕೆ ಕಾಲಕ್ರಮದ ದೃಷ್ಟಿಯಿಂದ ಕಂಬದ ಪಕ್ಕದ ಮೊದಲನೆಯ ಸ್ಥಾನ ದೊರೆಯಿತು. ಹೀಗೆ ಸೈನ್ಯದ ಕೋಟೆಯೊಂದು ನಗರದ ಆದಿಯಾಯಿತು. ಆದರೆ 1803ರಲ್ಲಿ ಕಟ್ಟಿದ ಆ ಕೋಟೆಗಿಂತ ಮುಂಚೆ ಆ ನೆಲದಲ್ಲಿ ಪೊಟವಾಟಮಿ ಮೊದಲಾದ ಮೂಲನಿವಾಸಿಗಳು ಇದ್ದರು; 1833ರ ಶಿಕಾಗೋ ಒಪ್ಪಂದದ ಬಳಿಕ ಅವರು ಮಿಸಿಸಿಪಿಯ ಆಚೆಗೆ ಸಾಗಬೇಕಾಯಿತು. ಕೋಟೆಗಿಂತ ಮುಂಚೆಯೇ ಅಲ್ಲಿ ನೆಲೆಸಿ ವ್ಯಾಪಾರ ಮಾಡಿದವನು ಆಫ್ರಿಕನ್ ಮೂಲದ ಝಾನ್ ಬಾಟಿಸ್ಟ್ ಪ್ವಾಂಟ್ ಡು ಸಾಬ್ಲ್. ನಗರದ ಮೊದಲ ವಲಸಿಗ ನಿವಾಸಿಯೆಂದು ಇಂದು ಅವನನ್ನು ಗೌರವಿಸಲಾಗುತ್ತದೆ. ನಾಲ್ಕು ನಕ್ಷತ್ರಗಳಲ್ಲಿ ಯಾವುದೂ ಅವನದಲ್ಲ. ನ್ಯೂಯಾರ್ಕಿನಲ್ಲಿ ಅಂಕಿಗಳು ಮಾಡಿದ ಕೆಲಸವನ್ನು ಇಲ್ಲಿ ನಕ್ಷತ್ರವೊಂದು ಮಾಡಿದೆ. ಅಂದವಾದ ಧ್ವಜವು ಇತಿಹಾಸವನ್ನು ಅಂದವಾಗಿಯೇ ಮರೆಸಬಲ್ಲದು. ಆದುದರಿಂದ ಧ್ವಜವನ್ನು ಓದುವವರು ಅದರಲ್ಲಿರುವುದನ್ನು ಎಣಿಸಿದಂತೆಯೇ ಇಲ್ಲದುದನ್ನೂ ಎಣಿಸಬೇಕು.

ಮಿಲ್ವಾಕಿ: ಎರಡು ಬಾವುಟಗಳ ಊರು

ಶಿಕಾಗೋಕ್ಕೆ ಉತ್ತರದಲ್ಲಿ ಅದೇ ಮಿಶಿಗನ್ ಸರೋವರದ ದಡದಲ್ಲಿರುವ ಮಿಲ್ವಾಕಿಯ ಧ್ವಜವು 1954ರದು. ಸ್ಪರ್ಧೆಯೊಂದಕ್ಕೆ ಬಂದಿದ್ದ ವಿನ್ಯಾಸಗಳಿಂದ ಅಂಶಗಳನ್ನು ಆಯ್ದು, ಒಂದನ್ನೂ ಬಿಡಲು ಮನಸ್ಸಾಗದೆ, ಎಲ್ಲವನ್ನೂ ಜೋಡಿಸಿದಂತಹ ಧ್ವಜವದು. ಹಲ್ಲುಚಕ್ರ, ಹಡಗು, ಕಾರ್ಖಾನೆ, ನಗರಸಭಾಭವನ, ಚರ್ಚು, ಮನೆಗಳು, ಕ್ರೀಡಾಂಗಣ, ಬಾರ್ಲಿಯ ತೆನೆ, ಮೂಲನಿವಾಸಿಯೊಬ್ಬನ ತಲೆ, ಊರಿನ ಹೆಸರು, 1846 ಎಂಬ ವರ್ಷ ಇವೆಲ್ಲವೂ ಒಂದೇ ಬಟ್ಟೆಯ ಮೇಲೆ. ಇದನ್ನು ಕಂಡು ನಗುವವರು ಒಂದು ಮಾತನ್ನು ಮರೆಯಬಾರದು: ಇಲ್ಲಿ ಹೆಮ್ಮೆಗೆ ಕಾರಣಗಳಿವೆ, ಪೊಕಟೆಲ್ಲೊದಂತೆ ಅದು ಬರಿಯ ಪದವಲ್ಲ. ತೊಂದರೆಯಿರುವುದು ಕಾರಣಗಳ ಸಂತೆಯಲ್ಲಿ. ಅಷ್ಟಾದಶ ವರ್ಣನೆಗಳನ್ನು ಒಂದೇ ಪದ್ಯದಲ್ಲಿ ತುರುಕಲು ಹೊರಟ ಕವಿಯ ಪಾಡು ಇದು.

2016ರಲ್ಲಿ ನಾಗರಿಕರ ಗುಂಪೊಂದು ಹೊಸ ಧ್ವಜಕ್ಕಾಗಿ ಸ್ಪರ್ಧೆಯನ್ನು ನಡೆಸಿದಾಗ ಸಾವಿರಕ್ಕೂ ಹೆಚ್ಚು ವಿನ್ಯಾಸಗಳು ಬಂದವು. ಸಾರ್ವಜನಿಕರ ಅಭಿಪ್ರಾಯದಲ್ಲಿ ಗೆದ್ದುದು ರಾಬರ್ಟ್ ಲೆನ್ಜ್ ಅವರ ‘ಸರೋವರದ ಮೇಲಿನ ಸೂರ್ಯೋದಯ’. ಹೊಂಬಣ್ಣದ ಬಾನಿನಲ್ಲಿ ಬಿಳಿಯ ಸೂರ್ಯ, ಕೆಳಗೆ ನೀಲಿಯ ಸರೋವರ, ನೀರಿನಲ್ಲಿ ಸೂರ್ಯನ ಪ್ರತಿಬಿಂಬವನ್ನು ಸೀಳುವ ತಿಳಿನೀಲಿ ಪಟ್ಟಿಗಳು. ಆ ಪಟ್ಟಿಗಳು ಮೂರು ನದಿಗಳು. ನಗರವಾಗಿ ಕೂಡಿಕೊಂಡ ಮೂರು ಊರುಗಳೂ ಹೌದು. ‘ಜನರ ಧ್ವಜ’ ಎಂಬ ಹೆಸರಿನಲ್ಲಿ ಅದು ಅಂಗಡಿಗಳ ಮುಂದೆ, ಮನೆಗಳ ಜಗಲಿಗಳ ಮೇಲೆ, ಅಂಗಿಗಳ ಮೇಲೆ ಕಾಣಿಸಿಕೊಂಡಿತು. ಆದರೆ ನಗರಸಭೆಯು ಅದಕ್ಕೆ ಮನ್ನಣೆ ಕೊಡಲು ಹಿಂದೆಗೆಯಿತು. ಆಯ್ಕೆಯ ಪ್ರಕ್ರಿಯೆಯಲ್ಲಿ ಊರಿನ ಎಲ್ಲ ಸಮುದಾಯಗಳಿಗೂ ಪಾಲು ದೊರೆತಿತ್ತೇ ಎಂಬ ಆಕ್ಷೇಪ ಎದ್ದಿತು. ವರ್ಷಗಟ್ಟಲೆ ಆ ಊರಿನಲ್ಲಿ ಎರಡು ಬಾವುಟಗಳು: ಕಡತದಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು.

ಈ ಆಕ್ಷೇಪವನ್ನು ರಾಜಕೀಯವೆಂದು ಬದಿಗೊತ್ತುವಂತಿಲ್ಲ. ‘ಜನರ ಧ್ವಜ’ ಎಂದಾಗ ಜನರೆಂದರೆ ಯಾರು ಎಂಬ ಪ್ರಶ್ನೆ ನ್ಯಾಯವಾದುದೇ. ವಿನ್ಯಾಸವು ಎಷ್ಟೇ ಸೂತ್ರಬದ್ಧವಾಗಿದ್ದರೂ ತನ್ನನ್ನು ಕೇಳದೆ ಏರಿಸಿದ ಬಾವುಟದ ಕೆಳಗೆ ಮನಸ್ಸು ಗುಡಿಗಟ್ಟುವುದಿಲ್ಲ. ಹಾಗೆಂದು ಬೀದಿಯಲ್ಲಿ ಜನರು ತಾವಾಗಿಯೇ ಏರಿಸಿದ ಬಾವುಟವನ್ನು ಯಾರೂ ಆರಿಸದ ಬಾವುಟವೆಂದೂ ಹೇಳಲಾಗದು. ಠರಾವಿನಿಂದ ಬರುವ ಅಧಿಕಾರ ಒಂದು, ಬಳಕೆಯಿಂದ ಬರುವ ಅಧಿಕಾರ ಇನ್ನೊಂದು. ವ್ಯಾಕರಣಕಾರರಿಗೂ ಇದು ಹೊಸತಲ್ಲ; ಲಕ್ಷಣಗ್ರಂಥವು ತಡವಾಗಿ ಒಪ್ಪಿಕೊಂಡ ಪ್ರಯೋಗಗಳು ಎಷ್ಟೋ ಇವೆ.

ಬಳಕೆಯು ಕೊಡುವ ಅರ್ಥ

ಸಮೀಕ್ಷೆಯಲ್ಲಿ ಮೊದಲನೆಯದಾಗಿ ನಿಂತ ವಾಷಿಂಗ್ಟನ್ನಿನ ಧ್ವಜವನ್ನು ಕೊನೆಯಲ್ಲಿ ನೋಡುವುದು ಉಚಿತ. 1938ರಲ್ಲಿ ಅಂಗೀಕೃತವಾದ ಆ ಧ್ವಜದಲ್ಲಿ ಬಿಳಿಯ ಹಾಸಿನ ಮೇಲೆ ಎರಡು ಅಡ್ಡ ಕೆಂಪು ಪಟ್ಟಿಗಳು, ಮೇಲೆ ಮೂರು ಕೆಂಪು ನಕ್ಷತ್ರಗಳು. ಇದು ಜಾರ್ಜ್ ವಾಷಿಂಗ್ಟನ್ನರ ಇಂಗ್ಲಿಷ್ ಪೂರ್ವಿಕರ ಮನೆತನದ ಲಾಂಛನ. ಅಲ್ಲಿನ ನದಿಯಾಗಲಿ ನೆಲವಾಗಲಿ ಅಲ್ಲಿ ಬಾಳಿದ ಜನರಾಗಲಿ ಇದರಲ್ಲಿ ಇಲ್ಲ. ಊರಿನ ಚಿಹ್ನೆಗಳಿರಬೇಕೆಂಬ ನಿಯಮಕ್ಕೆ ಇದನ್ನು ಒಡ್ಡಿದರೆ ಸೋಲಲೇಬೇಕು. ಆದರೂ ಆ ನಗರದವರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ದೇಶದ ರಾಜಧಾನಿಯಲ್ಲಿ ವಾಸಿಸುತ್ತಿದ್ದರೂ ಆ ಜನರಿಗೆ ಕಾಂಗ್ರೆಸ್ಸಿನಲ್ಲಿ ಮತಹಾಕುವ ಪ್ರತಿನಿಧಿಯಿಲ್ಲ. ತಮಗೂ ರಾಜ್ಯದ ಸ್ಥಾನಮಾನ ಬೇಕೆಂಬ ಬೇಡಿಕೆಯ ಮೆರವಣಿಗೆಗಳಲ್ಲಿ ಅದೇ ಪಟ್ಟಿಗಳು, ಅದೇ ನಕ್ಷತ್ರಗಳು ಮುಂದೆ ಸಾಗುತ್ತವೆ. ಒಂದು ಮನೆತನದ ಗುರುತು ಒಂದು ಊರಿನ ಹಕ್ಕೊತ್ತಾಯದ ಗುರುತಾಗಿದೆ. ಈ ಅರ್ಥವನ್ನು ಯಾವ ವಿನ್ಯಾಸಕಾರನೂ ಬರೆಯಲಿಲ್ಲ. ಅದನ್ನು ಹಿಡಿದು ನಡೆದವರು ಕೊಟ್ಟರು.

ಹೀಗಿರುವಾಗ ಐದು ಸೂತ್ರಗಳ ಬೆಲೆಯೇನು? ಅವು ಛಂದಸ್ಸಿನ ನಿಯಮಗಳಂತೆ ಉಪಯುಕ್ತವಾದವು. ಛಂದಸ್ಸು ತಪ್ಪಿದರೆ ಪದ್ಯವು ಕಿವಿಗೆ ತಾಗದು. ಛಂದಸ್ಸು ಸರಿಯಿದ್ದ ಮಾತ್ರಕ್ಕೆ ಅದು ಕಾವ್ಯವಾಗದು. ಸೂತ್ರಗಳನ್ನು ಪಾಲಿಸಿದ ಬಾವುಟವು ದೂರದಿಂದ ಕಾಣುತ್ತದೆ, ಮಗುವಿನ ಕೈಯಿಂದಲೂ ಬಿಡಿಸಿಕೊಳ್ಳುತ್ತದೆ, ಬೇರೆ ಊರಿನದೆಂಬ ಭ್ರಮೆಗೆ ಎಡೆಗೊಡುವುದಿಲ್ಲ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ಅದಕ್ಕಿಂತ ಮುಂದಿನ ಕೆಲಸವನ್ನು ಮಾಡುವವರು ಅದನ್ನು ಏರಿಸುವವರು, ಅದರ ಕೆಳಗೆ ಕೂಡುವವರು, ಸತ್ತವರ ಮೇಲೆ ಅದನ್ನು ಹೊದಿಸುವವರು.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈ ನಗರಗಳ ಇತಿಹಾಸದಿಂದ ದೊರೆಯುವ ಉತ್ತರ ಇಷ್ಟು: ಹಿಗ್ಗನ್ನು ಬಾವುಟದ ಮೇಲೆ ಮುಂಚಿತವಾಗಿ ಬರೆದಿಡಲು ಬರುವುದಿಲ್ಲ, ಊರಿನವರು ಕೂಡಿ ಏರಿಸಿದ ಬಾವುಟಕ್ಕೆ ಅದು ಕಾಲಕ್ರಮದಲ್ಲಿ ಬಂದು ಸೇರುತ್ತದೆ. ಮರುರಚನೆಗೆ ತೊಡಗುವವರು ಮಾಡಬಹುದಾದುದು ಅದಕ್ಕೆ ಎಡೆಮಾಡಿಕೊಡುವುದು. ಆ ಎಡೆಯಲ್ಲಿ ಬೆಟ್ಟವೂ ನದಿಯೂ ಸುಟ್ಟ ಬೀದಿಯೂ ಇರಲಿ. ಈವರೆಗೆ ನಕ್ಷತ್ರ ದೊರೆಯದವರಿಗೂ ಜಾಗವಿರಲಿ. ನಮ್ಮ ಊರುಗಳ ಇತಿಹಾಸವನ್ನು ಅಧ್ಯಯನ ಮಾಡುವ ವಿದ್ಯಾರ್ಥಿಗಳು ಶಾಸನಗಳಲ್ಲಿನ ಧ್ವಜ ಮತ್ತು ಲಾಂಛನಗಳನ್ನು ಅರಸುಮನೆತನಗಳ ಗುರುತಿನ ಚೀಟಿಗಳೆಂದು ಪಟ್ಟಿಮಾಡಿ ನಿಲ್ಲದೆ, ಅವುಗಳನ್ನು ಹೊತ್ತವರು ಯಾರು, ಕಂಡವರು ಯಾರು, ಯಾರ ಗುರುತು ಆ ಬಟ್ಟೆಯ ಮೇಲೆ ಏರಲೇ ಇಲ್ಲ ಎಂದು ಕೇಳತೊಡಗಿದರೆ, ಗುಡ್ಡಧ್ವಜದಂತಹ ಒಂದು ಪದವೂ ಹೊಸ ಅಧ್ಯಾಯವೊಂದನ್ನು ತೆರೆಯಬಲ್ಲದು.